ಹೊಳೆ ಮರಳು ಬಿಟ್ಟು ಮನೆ ಕಟ್ಟುವುದು: ಎಂ-ಸ್ಯಾಂಡ್ ಆಯ್ಕೆಯಿಂದ ಕ್ಯೂರಿಂಗ್‌ವರೆಗೆ

ಮನೆ ಕಟ್ಟಲು ಹೊರಟವರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದೇ: "ಎಂ-ಸ್ಯಾಂಡ್ ಹಾಕಿದ್ರೆ ಮನೆ ಗಟ್ಟಿ ಇರುತ್ತಾ?" ಅದರ ಬೆನ್ನಿಗೇ ಇನ್ನೊಂದು: "ಮೇಸ್ತ್ರಿ ಹೊಳೆ ಮರಳೇ ಬೇಕು ಅಂತಾನೆ, ಏನ್ ಮಾಡೋದು?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂ-ಸ್ಯಾಂಡ್ ಅಂದರೆ ಗಟ್ಟಿ ಕಲ್ಲನ್ನು ಯಂತ್ರದಲ್ಲಿ ಒಡೆದು ತಯಾರಿಸಿದ ಮರಳು. ಒಳ್ಳೆಯ ಎಂ-ಸ್ಯಾಂಡ್ ಹಾಕಿದರೆ ಮನೆ ಖಂಡಿತ ಗಟ್ಟಿ ಇರುತ್ತದೆ. ಆದರೆ ಎಂ-ಸ್ಯಾಂಡ್ ಎಂದು ಬಿಲ್ಲಿನಲ್ಲಿ ಬರೆದ ಮಾತ್ರಕ್ಕೆ ಟಿಪ್ಪರ್‌ನಲ್ಲಿ ಬಂದದ್ದೆಲ್ಲ ಎಂ-ಸ್ಯಾಂಡ್ ಆಗುವುದಿಲ್ಲ. ಕ್ರಷರ್‌ನಲ್ಲಿ (ಕಲ್ಲು ಒಡೆಯುವ ಘಟಕ) ಉಳಿದ ಕಲ್ಲುಪುಡಿಯನ್ನು ಇದೇ ಹೆಸರಿನಲ್ಲಿ ಸುರಿದು ಹೋಗುವವರು ಬಹಳ. "ಎಂ-ಸ್ಯಾಂಡ್ ಹಾಕಿಸಿದೆ, ಗೋಡೆಯೆಲ್ಲ ಬಿರುಕು" ಎಂಬ ದೂರುಗಳ ಬೆನ್ನುಹತ್ತಿದರೆ ಹೆಚ್ಚಿನವು ಕಲ್ಲುಪುಡಿಗೋ, ನೀರು ಜಾಸ್ತಿ ಹಾಕಿದ್ದಕ್ಕೋ, ಕ್ಯೂರಿಂಗ್ (ಕಟ್ಟಿದ ಮೇಲೆ ಕೆಲವು ದಿನ ಒದ್ದೆಯಾಗಿಡುವುದು) ಬಿಟ್ಟದ್ದಕ್ಕೋ ಹೋಗಿ ನಿಲ್ಲುತ್ತವೆ. ಈ ಮೂರೂ ನಿಮ್ಮ ಕೈಯಲ್ಲೇ ಇರುವ ವಿಷಯಗಳು.

ಹೊಳೆ ಮರಳು ಏಕೆ ಬೇಡ

ಬಯಲುಸೀಮೆಯ ಹೊಳೆಗಳು ಬೇಸಿಗೆಯಲ್ಲಿ ಬತ್ತಿದಂತೆ ಕಂಡರೂ ಮರಳಿನೊಳಗೆ ನೀರಿರುತ್ತದೆ. ವೇದಾವತಿ, ಪಾಪಾಗ್ನಿ, ಶಿಂಷಾ ದಡದ ಊರುಗಳಲ್ಲಿ ಮರಳು ಬಗೆದು ಒರತೆ ತೋಡಿ ಬಿಂದಿಗೆ ತುಂಬಿಸಿಕೊಂಡವರನ್ನು ಕೇಳಿ ನೋಡಿ. ಮರಳಿನ ಗಾತ್ರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಣಗಳ ನಡುವಿನ ಸಂದು. ಒಂದು ಘನ ಮೀಟರ್ ಮರಳು ಪೂರ್ತಿ ನೆನೆದಾಗ 300 ಲೀಟರಿನಷ್ಟು ನೀರು ಹಿಡಿಯುತ್ತದೆ. ಆ ನೀರು ಸಾವಕಾಶವಾಗಿ ಆಚೀಚಿನ ಬಾವಿ, ಬೋರ್‌ವೆಲ್‌ಗಳಿಗೆ ಇಳಿಯುತ್ತದೆ. ಮರಳು ಬಗೆದು ಹೊಳೆಯ ತಳ ಎರಡು ಮೀಟರ್ ಕೆಳಗಿಳಿದರೆ ಪಕ್ಕದ ತೋಟಗಳ ಅಂತರ್ಜಲವೂ ಆ ಮಟ್ಟ ಹುಡುಕಿಕೊಂಡು ಕೆಳಗಿಳಿಯುತ್ತದೆ. ತಳ ಆಳವಾದ ಹೊಳೆಯಲ್ಲಿ ಮಳೆಗಾಲದ ನೀರು ರಭಸ ಹೆಚ್ಚಿ ದಡ ಕೊರೆಯುತ್ತದೆ, ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ. ದಕ್ಷಿಣ ಕನ್ನಡದ ಮೂಲಾರಪಟ್ಣದಲ್ಲಿ ಫಲ್ಗುಣಿ ಹೊಳೆಯ ಸೇತುವೆ 2018ರ ಜೂನ್‌ನಲ್ಲಿ ಕುಸಿದುಬಿತ್ತು. ಸುತ್ತಮುತ್ತ ನಡೆದ ಮರಳುಗಾರಿಕೆಯೇ ಕಾರಣ ಎಂದು ಊರವರು ದೂರಿದರು. ಕರಾವಳಿಯಲ್ಲಿ ಇನ್ನೊಂದು ಕಷ್ಟವಿದೆ: ಹೊಳೆಯ ತಳ ಕೆಳಗಿಳಿದಷ್ಟೂ ಭರತದ ಉಪ್ಪುನೀರು ಒಳನಾಡಿಗೆ ನುಗ್ಗಿ ಕುಡಿಯುವ ಬಾವಿಗಳನ್ನು ಕೆಡಿಸುತ್ತದೆ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಈಜಲು ಇಳಿದ ಮಕ್ಕಳು ಅವುಗಳಲ್ಲಿ ಸಿಕ್ಕಿ ಪ್ರಾಣ ಕಳೆದುಕೊಳ್ಳುತ್ತಿದ್ದಾರೆ.

"ಮಳೆ ಬಂದರೆ ಮರಳು ಮತ್ತೆ ಬರುತ್ತದಲ್ಲ" ಎನ್ನುವವರಿದ್ದಾರೆ. ಬರುತ್ತಿತ್ತು. ಈಗ ಮೇಲ್ಭಾಗದ ಅಣೆಕಟ್ಟು, ಬ್ಯಾರೇಜುಗಳ ಹಿಂದೆ ಅದರ ಬಹುಪಾಲು ನಿಂತುಬಿಡುತ್ತದೆ. ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರುವರಿ 27ರಂದು, ಐದು ಹೆಕ್ಟೇರಿಗಿಂತ ಚಿಕ್ಕ ಮರಳು ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮತ್ತು 2020ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಮಳೆಗಾಲದಲ್ಲಿ ಹೊಳೆಯಿಂದ ಮರಳು ತೆಗೆಯುವಂತಿಲ್ಲ, ಮೂರು ಮೀಟರಿಗಿಂತ ಆಳ ಬಗೆಯುವಂತಿಲ್ಲ. ಕಾಗದದ ಮೇಲೆ ಎಲ್ಲವೂ ಇದೆ. ರಾತ್ರಿ ಎರಡು ಗಂಟೆಗೆ ನಿಮ್ಮ ಸೈಟಿಗೆ ಬರುವ ಲೋಡಿಗೆ ಇದರಲ್ಲಿ ಯಾವುದೂ ಅನ್ವಯವಾಗಿರುವುದಿಲ್ಲ.

ಹೊಳೆ ಮರಳು ಎಂದು ನಿಮಗೆ ಸಿಗುವುದು ಹೊಳೆಯದ್ದೇ ಆಗಿರಬೇಕೆಂದೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ "ಫಿಲ್ಟರ್ ಮರಳು" ಎಂಬುದಿದೆ. ಕೆರೆಯಂಗಳದ ಮಣ್ಣನ್ನೋ ಹೊಲದ ಮೇಲ್ಮಣ್ಣನ್ನೋ ಗುಂಡಿಗೆ ಹಾಕಿ, ಮೋಟಾರಿನ ನೀರು ಹಾಯಿಸಿ ತೊಳೆದು, ತಳದಲ್ಲಿ ಉಳಿದ ಒರಟು ಕಣಗಳನ್ನು ಮರಳೆಂದು ಮಾರುತ್ತಾರೆ. ನೀರಿಗೆ ಬರ ಇರುವ ಜಿಲ್ಲೆಯಲ್ಲಿ ನೀರೂ ಹೋಯಿತು, ಬೆಳೆ ಬೆಳೆಯುವ ಮಣ್ಣೂ ಹೋಯಿತು. ಕಟ್ಟಡಕ್ಕೂ ಅದರಿಂದ ಲಾಭವಿಲ್ಲ. ಕಣಕ್ಕೆ ಅಂಟಿದ ಜೇಡಿ ಪೂರ್ತಿ ಬಿಡುವುದಿಲ್ಲ, ಸಿಮೆಂಟು ಕಣವನ್ನು ಹಿಡಿಯುವುದಿಲ್ಲ.

ಏನೇನು ಬೇಕು

ಈ ಸಾಮಾನುಗಳನ್ನು ಪಾಯ ತೆಗೆಯುವ ಮೊದಲೇ ಹೊಂದಿಸಿಕೊಳ್ಳಿ: 4.75 ಮಿ.ಮೀ., 2.36 ಮಿ.ಮೀ., 600 ಮೈಕ್ರಾನ್, 150 ಮೈಕ್ರಾನ್ ಮತ್ತು 75 ಮೈಕ್ರಾನ್ ಜರಡಿಗಳು (ಒಂದು ಮಿಲಿಮೀಟರ್ ಅಂದರೆ 1,000 ಮೈಕ್ರಾನ್), ಅಡುಗೆಮನೆಯ ಡಿಜಿಟಲ್ ತಕ್ಕಡಿ, ನೇರ ಗೋಡೆಯ ಪಾರದರ್ಶಕ ಬಾಟಲಿ, ಅಳತೆ ಟೇಪು, ಬಕೆಟ್ಟು. ಜೊತೆಗೆ 35 ಲೀಟರಿನ ಅಳತೆ ಪೆಟ್ಟಿಗೆ. ಅದು ಒಳ ಅಳತೆಯಲ್ಲಿ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಇರಲಿ. 50 ಕಿಲೋ ಸಿಮೆಂಟ್ ಮೂಟೆಯ ಗಾತ್ರ 35 ಲೀಟರು. ಆದ್ದರಿಂದ ಪೆಟ್ಟಿಗೆಯ ಲೆಕ್ಕ ಮೂಟೆಯ ಲೆಕ್ಕಕ್ಕೆ ನೇರ ಹೊಂದುತ್ತದೆ. ಜರಡಿಗಳ ಖರ್ಚು ಒಂದು ಕೆಟ್ಟ ಲೋಡಿನ ಬೆಲೆಗಿಂತ ಕಡಿಮೆ. ನಾಲ್ಕು ಮನೆಯವರು ಸೇರಿ ಒಂದು ಸೆಟ್ ಕೊಂಡರೂ ಆದೀತು.

1. ಯಾವ ಕೆಲಸಕ್ಕೆ ಎಷ್ಟು ಎಂದು ಲೆಕ್ಕ ಹಾಕಿ

ಕಾಂಕ್ರೀಟಿಗೆ ಬೇಕಾದ ಮರಳು ಬೇರೆ, ಸಾರಣೆಗೆ ಬೇರೆ. ಎರಡನ್ನೂ ಒಂದೇ ರಾಶಿಯಿಂದ ತೆಗೆದರೆ ಯಾವುದಾದರೂ ಒಂದು ಕೆಡುತ್ತದೆ.

ಉದಾಹರಣೆಗೆ, 1,000 ಚದರಡಿಯ ತಾರಸಿ, 5 ಇಂಚು ದಪ್ಪ. ಕಾಂಕ್ರೀಟಿನ ಗಾತ್ರ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. 1:1.5:3 ಮಿಶ್ರಣದಲ್ಲಿ (ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ) ಇದಕ್ಕೆ 94 ಮೂಟೆಯಷ್ಟು ಸಿಮೆಂಟು, 175 ಘನ ಅಡಿಯಷ್ಟು ಮರಳು ಬೇಕು. ಎಂ-ಸ್ಯಾಂಡ್ ತೂಕದ ಲೆಕ್ಕದಲ್ಲಿ ಎಂಟೂವರೆಯಿಂದ ಒಂಬತ್ತು ಟನ್. ಒಳಗೋಡೆಯ ಸಾರಣೆಗೆ, 12 ಮಿ.ಮೀ. ದಪ್ಪದಲ್ಲಿ 1:5 ಮಿಶ್ರಣವಾದರೆ, ಪ್ರತಿ 1,000 ಚದರಡಿಗೆ 55ರಿಂದ 60 ಘನ ಅಡಿ. ಇಟ್ಟಿಗೆಯ ಅಳತೆಗೆ ತಕ್ಕಂತೆ ಗೋಡೆ ಕಟ್ಟುವ ಗಾರೆ ಬದಲಾಗುತ್ತದೆ, ಅದನ್ನು ನಿಮ್ಮ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

2. ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಎಂ-ಸ್ಯಾಂಡ್: ಗಟ್ಟಿ ಗ್ರಾನೈಟ್ ಅಥವಾ ಅಂಥ ಕಲ್ಲನ್ನು ಹಂತ ಹಂತವಾಗಿ ಒಡೆದು, ಕೊನೆಗೆ ವಿಎಸ್‌ಐ ಯಂತ್ರದಲ್ಲಿ ಆಕಾರ ಕೊಟ್ಟು, ಪುಡಿಯನ್ನು ನೀರಿನಿಂದಲೋ ಗಾಳಿಯಿಂದಲೋ ಬೇರ್ಪಡಿಸಿ ತಯಾರಿಸಿದ ಮರಳು. ವಿಎಸ್‌ಐ ಅಂದರೆ ವೇಗವಾಗಿ ತಿರುಗುವ ರೋಟರು ಕಲ್ಲನ್ನು ಎಸೆದು, ಕಲ್ಲಿಗೆ ಕಲ್ಲು ಬಡಿಯುವಂತೆ ಮಾಡುವ ಯಂತ್ರ. ಹಾಗೆ ಬಡಿದಾಗ ಚೂಪು ಮೂಲೆಗಳು ಮುರಿದು ಕಣ ಹೆಚ್ಚುಕಡಿಮೆ ಘನಾಕಾರಕ್ಕೆ ಬರುತ್ತದೆ. ಇದು 4.75 ಮಿ.ಮೀ.ವರೆಗಿನ ಕಣಗಳ ಮರಳು. ಕಾಂಕ್ರೀಟಿಗೆ ಇದೇ ಬೇಕು.

ಪಿ-ಸ್ಯಾಂಡ್: ಸಾರಣೆಗೆಂದು ಇನ್ನೂ ಸಣ್ಣಗೆ, ಸಾಮಾನ್ಯವಾಗಿ 2.36 ಮಿ.ಮೀ. ಒಳಗೆ, ಜರಡಿ ಹಿಡಿದದ್ದು. ಇದನ್ನು ತಾರಸಿ, ಪಿಲ್ಲರ್‌ಗಳಿಗೆ ಹಾಕಬೇಡಿ. ಸಣ್ಣ ಕಣ ಹೆಚ್ಚಾದಷ್ಟೂ ನೀರು ಹೆಚ್ಚು ಕುಡಿಯುತ್ತದೆ.

ಕ್ರಷರ್ ಡಸ್ಟ್: ಜಲ್ಲಿ ಒಡೆಯುವಾಗ ಉಳಿದ ಪುಡಿ. ಚಪ್ಪಟೆ ಚೂರುಗಳು, ಅತಿ ನುಣ್ಣನೆಯ ಪುಡಿ ಇರುತ್ತವೆ, ನಡುವಿನ ಅಳತೆಯ ಕಣಗಳೇ ಇರುವುದಿಲ್ಲ. ಪಾಯದ ಕೆಳಗೆ ತುಂಬಲು, ಪೇವರ್ ಕಲ್ಲಿನಡಿ ಹಾಸಲು ಸರಿ. ಕಾಂಕ್ರೀಟಿಗೂ ಸಾರಣೆಗೂ ಬೇಡ.

ಕಡಲ ಮರಳು, ಅಳಿವೆಯ ಮರಳನ್ನು ತೊಳೆಯದೆ ಬಳಸಲೇಬೇಡಿ. ಅದರಲ್ಲಿರುವ ಕ್ಲೋರೈಡ್ ಕಬ್ಬಿಣವನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಹತ್ತಾರು ವರ್ಷದಲ್ಲಿ ತಾರಸಿಯ ಕೆಳಪದರ ಕಳಚಿ ಬೀಳುತ್ತದೆ.

ಭಾರತೀಯ ಮಾನಕ ಐಎಸ್ 383 ಎಂಬುದು ಜಲ್ಲಿ ಮತ್ತು ಮರಳಿಗೆ ಇರುವ ಗುಣಮಟ್ಟದ ಅಳತೆಗೋಲು. 2016ರ ಪರಿಷ್ಕರಣೆಯಲ್ಲಿ ತಯಾರಿಸಿದ ಮರಳಿಗೂ ಅದರಲ್ಲಿ ಸ್ಪಷ್ಟ ಜಾಗವಿದೆ. ಮೇಸ್ತ್ರಿಯೊಂದಿಗೆ ವಾದಕ್ಕೆ ಕೂರುವ ಬದಲು ಈ ಮಾನಕದ ಪ್ರಕಾರದ ವರದಿಯನ್ನು ಅವರ ಮುಂದಿಡಿ.

3. ಕ್ರಷರ್‌ಗೆ ಒಮ್ಮೆ ಹೋಗಿ ಬನ್ನಿ

ಫೋನಿನಲ್ಲಿ ದರ ಕೇಳಿ ಆರ್ಡರ್ ಮಾಡುವುದೇ ಮೊದಲ ತಪ್ಪು. ಅಲ್ಲಿ ನೋಡಬೇಕಾದವು: ವಿಎಸ್‌ಐ ಯಂತ್ರ ಇದೆಯೇ, ತೊಳೆಯುವ ಇಲ್ಲವೇ ಪುಡಿ ಬೇರ್ಪಡಿಸುವ ವ್ಯವಸ್ಥೆ ಚಾಲೂ ಇದೆಯೇ, ಎಂ-ಸ್ಯಾಂಡ್, ಪಿ-ಸ್ಯಾಂಡ್, ಡಸ್ಟ್ ರಾಶಿಗಳು ಬೇರೆ ಬೇರೆ ಇವೆಯೇ. ಇತ್ತೀಚಿನ ಪ್ರಯೋಗಾಲಯದ ವರದಿ ಕೇಳಿ. ಒಳ್ಳೆಯ ಘಟಕದವರು ಕೇಳಿದ ಕೂಡಲೇ ತೆಗೆದು ಕೊಡುತ್ತಾರೆ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ. ವಾಹನ ಸಂಖ್ಯೆ, ದಿನಾಂಕ, ಸಮಯ, ಸರಕಿನ ಹೆಸರು ನಿಮ್ಮ ಮುಂದಿರುವ ಟಿಪ್ಪರ್‌ಗೆ ಹೊಂದುತ್ತವೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಗಣಿ ಮತ್ತು ಖನಿಜ ಕಾಯ್ದೆಯಡಿ (1957) ಖನಿಜವನ್ನು ಅಕ್ರಮವಾಗಿ ಸಾಗಿಸುವುದಷ್ಟೇ ಅಲ್ಲ, ಸಂಗ್ರಹಿಸಿಟ್ಟುಕೊಳ್ಳುವುದೂ ಅಪರಾಧ. "ಪರ್ಮಿಟ್ ಆಮೇಲೆ ಕಳಿಸ್ತೀವಿ ಸಾರ್" ಎಂಬ ಮಾತಿಗೆ ಗೇಟು ತೆರೆಯಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಂ-ಸ್ಯಾಂಡ್ ಆಕಾಶದಿಂದ ಬೀಳುವುದಿಲ್ಲ, ಬೆಟ್ಟ ಒಡೆದೇ ಬರಬೇಕು. ಶಿವಮೊಗ್ಗದ ಹುಣಸೋಡಿನಲ್ಲಿ 2021ರ ಜನವರಿಯಲ್ಲಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅಂಥದ್ದೇ ದುರಂತ. ಕೆಆರ್‌ಎಸ್ ಅಣೆಕಟ್ಟಿನ ಹತ್ತಿರದ ಬೇಬಿ ಬೆಟ್ಟದ ಗಣಿಗಾರಿಕೆ ವರ್ಷಗಟ್ಟಲೆ ಆತಂಕ ಹುಟ್ಟಿಸಿತು. ಕ್ರಷರ್ ಧೂಳು ಉಸಿರಾಡಿದ ಕೂಲಿಗಳಿಗೆ ಸಿಲಿಕೋಸಿಸ್ ಬರುತ್ತದೆ. ಅದು ಶ್ವಾಸಕೋಶ ಗಟ್ಟಿಯಾಗುವ, ಮದ್ದಿಲ್ಲದ ಕಾಯಿಲೆ. ಹಾಗಾಗಿ ಕ್ರಷರ್‌ಗೆ ಹೋದಾಗ ನೀರು ಸಿಂಪಡಿಸುತ್ತಿದ್ದಾರೆಯೇ, ಕೆಲಸದವರ ಮುಖಕ್ಕೆ ಮಾಸ್ಕ್ ಇದೆಯೇ ಎಂದೂ ನೋಡಿ. ಪರವಾನಗಿ ಇರುವ, ಧೂಳು ಹಿಡಿದಿಡುವ ಘಟಕಕ್ಕೆ ಟನ್ನಿಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಹೊಳೆಗೆ ಆಗುವ ಹಾನಿ ಇದಕ್ಕಿಂತ ದೊಡ್ಡದೆಂದೇ ನನ್ನ ತೀರ್ಮಾನ. ಗಣಿಯನ್ನು ಒಂದು ಎಲ್ಲೆಯೊಳಗೆ ಕಾಯಬಹುದು, ನೂರು ಕಿಲೋಮೀಟರ್ ಹೊಳೆಯನ್ನು ಕಾಯುವುದು ಸುಲಭವಲ್ಲ.

4. ಲೋಡು ಇಳಿಸುವ ಮೊದಲು ಪರೀಕ್ಷಿಸಿ

ಇದೇ ಇಡೀ ಕೆಲಸದ ಜೀವಾಳ. ಟಿಪ್ಪರ್ ಒಮ್ಮೆ ಹಿಂಬದಿ ಎತ್ತಿ ಸುರಿದ ಮೇಲೆ ನಿಮ್ಮ ಮಾತಿಗೆ ಬೆಲೆ ಇಲ್ಲ. ಆರ್ಡರ್ ಕೊಡುವಾಗಲೇ "ಪರೀಕ್ಷೆ ಮಾಡಿ ಇಳಿಸಿಕೊಳ್ಳುತ್ತೇವೆ, ಸರಿ ಇಲ್ಲದಿದ್ದರೆ ವಾಪಸ್" ಎಂದು ಹೇಳಿಡಿ. ಮಾದರಿಯನ್ನು ಮೇಲಿಂದಷ್ಟೇ ತೆಗೆಯಬೇಡಿ. ಲೋಡಿನ ನಾಲ್ಕೈದು ಜಾಗದಲ್ಲಿ ಒಂದು ಅಡಿ ಒಳಗೆ ಕೈ ಹಾಕಿ ತೆಗೆದು ಬೆರೆಸಿ.

ಮೊದಲು ಕೈ ಪರೀಕ್ಷೆ. ಒಣ ಮರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ. ಅಂಗೈ ಗೆರೆಗಳಲ್ಲಿ ರಾಗಿ ಹಿಟ್ಟಿನಂತೆ ಬೂದು ಪುಡಿ ಕೂತರೆ ಅದು ಡಸ್ಟ್ ಹೆಚ್ಚಿರುವ ಸರಕು. ಒಂದು ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಹರಡಿ, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಕಣಗಳು ಎಲ್ಲ ಬದಿಯಲ್ಲೂ ಸಮ ದಪ್ಪ ಇರಬೇಕು. ಸೂಜಿಯಂಥ ಉದ್ದ ಚೂರು, ತೆಳು ಹಲ್ಲೆಗಳೇ ತುಂಬಿದ್ದರೆ ವಿಎಸ್‌ಐ ಕಂಡ ಕಲ್ಲಲ್ಲ ಅದು. ಹೊಳೆಯುವ ಅಭ್ರಕದ ಪದರು ಎದ್ದು ಕಾಣುವಷ್ಟಿದ್ದರೂ ಬೇಡ.

ಎರಡನೆಯದು ಜರಡಿ. ಮರಳನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ, ಆರಿಸಿ, 1,000 ಗ್ರಾಂ ತೂಗಿ. ದೊಡ್ಡ ಕಣ್ಣಿನ ಜರಡಿಯಿಂದ ಸಣ್ಣದರ ಕಡೆಗೆ ಒಂದೊಂದಾಗಿ ಹಾಯಿಸಿ. 4.75 ಮಿ.ಮೀ. ಜರಡಿಯಲ್ಲಿ ಬಹುತೇಕ ಎಲ್ಲ ಇಳಿಯಬೇಕು, 100 ಗ್ರಾಂಗಿಂತ ಹೆಚ್ಚು ಮೇಲುಳಿಯಬಾರದು. 600 ಮೈಕ್ರಾನ್ ಜರಡಿಯಲ್ಲಿ 350ರಿಂದ 590 ಗ್ರಾಂ ಇಳಿದರೆ ಅದು "ಝೋನ್ 2" ಎಂಬ ವರ್ಗ. ಮರಳಿನ ಒರಟುತನವನ್ನು ಮಾನಕ ನಾಲ್ಕು ಝೋನ್‌ಗಳಾಗಿ ವಿಂಗಡಿಸುತ್ತದೆ. ಮನೆಯ ಕಾಂಕ್ರೀಟಿಗೆ ಎರಡನೆಯದು ಅತ್ಯುತ್ತಮ. 590 ದಾಟಿ 790ರವರೆಗೆ ಇದ್ದರೆ ಝೋನ್ 3, ಅದೂ ನಡೆಯುತ್ತದೆ. 800 ಮುಟ್ಟಿದರೆ ಝೋನ್ 4, ಆರ್‌ಸಿಸಿಗೆ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು) ಬೇಡ. 150 ಮೈಕ್ರಾನ್ ಜರಡಿಯಲ್ಲಿ ಇಳಿಯುವುದು 200 ಗ್ರಾಂ ಮೀರಬಾರದು.

ಮೂರನೆಯದು ತೊಳೆದು ತೂಗುವುದು. 500 ಗ್ರಾಂ ಒಣ ಮರಳನ್ನು 75 ಮೈಕ್ರಾನ್ ಜರಡಿಯ ಮೇಲೆ, ಕೆಳಗಿಳಿಯುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಳಿದದ್ದನ್ನು ಮತ್ತೆ ಒಣಗಿಸಿ ತೂಗಿ. ಕಡಿಮೆಯಾದದ್ದೇ ನುಣುಪು ಪುಡಿ. ಒಡೆದ ಕಲ್ಲಿನ ಮರಳಿಗೆ ಐಎಸ್ 383 ಕೊಡುವ ಮಿತಿ ಶೇ 15, ಅಂದರೆ ಇಲ್ಲಿ 75 ಗ್ರಾಂ. ನೈಸರ್ಗಿಕ ಮರಳಿಗೆ ಇದೇ ಮಿತಿ ಶೇ 3 ಮಾತ್ರ. ಎಂ-ಸ್ಯಾಂಡ್‌ಗೆ ಏಕೆ ಅಷ್ಟು ಸಡಿಲ ಎಂದು ಹಲವರು ಕೇಳುತ್ತಾರೆ. ಹೊಳೆ ಮರಳಿನ ನುಣುಪು ಅಂದರೆ ಹೆಚ್ಚಾಗಿ ಜೇಡಿ, ಅದು ಸಿಮೆಂಟಿನ ಹಿಡಿತ ಕೆಡಿಸುತ್ತದೆ. ಎಂ-ಸ್ಯಾಂಡ್‌ನ ನುಣುಪು ಕಲ್ಲಿನ ಪುಡಿ, ಅದು ಮಿತಿಯೊಳಗಿದ್ದರೆ ಸಂದು ತುಂಬುತ್ತದೆ. ಹಾಗೆಂದು ಮಣ್ಣು ಮುಚ್ಚಿದ ಬಂಡೆಯನ್ನು ಮೇಲ್ಮಣ್ಣು ತೆಗೆಯದೆ ಒಡೆದಿದ್ದರೆ ಆ ಪುಡಿಯಲ್ಲೂ ಜೇಡಿ ಇರುತ್ತದೆ. ಅದನ್ನು ಪತ್ತೆ ಹಚ್ಚುವ ಮೆಥಿಲೀನ್ ಬ್ಲೂ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡುತ್ತಾರೆ. ತೊಳೆದ ನೀರು ಬೂದಿ ಬಣ್ಣದ್ದಾದರೆ ಕಲ್ಲು, ಕೆಂಪು ಅಥವಾ ಕಂದು ಆಗಿದ್ದು ಬೆರಳಿಗೆ ಜಾರಿದರೆ ಮಣ್ಣು ಎಂಬುದು ಸೈಟಿನ ಮಟ್ಟದ ಗುರುತು.

ಬಾಟಲಿ ಪರೀಕ್ಷೆಯ ಬಗ್ಗೆ ಎಚ್ಚರಿಕೆ. ಅರ್ಧ ಬಾಟಲಿ ಮರಳಿಗೆ ಉಪ್ಪುನೀರು ಸೇರಿಸಿ ಕುಲುಕಿ ಮೂರು ಗಂಟೆ ಬಿಟ್ಟು, ಮೇಲೆ ಕೂತ ಕೆಸರಿನ ಪದರ ಅಳೆಯುವ ಈ ವಿಧಾನ ಹೊಳೆ ಮರಳಿಗೆಂದು ಬಂದದ್ದು. ಎಂ-ಸ್ಯಾಂಡ್‌ನ ಪುಡಿ ಸಡಿಲವಾಗಿ ಕೂರುವುದರಿಂದ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಅದೊಂದನ್ನೇ ನಂಬಿ ಒಳ್ಳೆಯ ಲೋಡು ವಾಪಸ್ ಕಳಿಸಬೇಡಿ. ಮೊದಲು ಒಪ್ಪಿದ ಲೋಡಿನ ಬಾಟಲಿಯನ್ನು ಹಾಗೇ ಇಟ್ಟುಕೊಂಡು ಮುಂದಿನ ಲೋಡುಗಳನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಲು ಮಾತ್ರ ಬಳಸಿ.

5. ಅಳತೆಯಲ್ಲಿ ಮೋಸಹೋಗಬೇಡಿ

ಎಂ-ಸ್ಯಾಂಡ್ ಹೆಚ್ಚಾಗಿ ಟನ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ಟನ್ ಎಂದರೆ ಸುಮಾರು 20 ಘನ ಅಡಿ. 100 ಘನ ಅಡಿಗೆ ಐದು ಟನ್ ಹತ್ತಿರ. ತೂಕಕ್ಕೆ ಕೊಂಡರೆ ಒದ್ದೆ ಮರಳಿನಲ್ಲಿ ನೀರಿಗೂ ದುಡ್ಡು ಕೊಡುತ್ತೀರಿ, ಗಾತ್ರಕ್ಕೆ ಕೊಂಡರೆ ಉಬ್ಬಿಗೆ ದುಡ್ಡು ಕೊಡುತ್ತೀರಿ. ಮರಳು ಸ್ವಲ್ಪ ತೇವವಾದಾಗ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ದೂರ ತಳ್ಳುವುದರಿಂದ ಗಾತ್ರ ಹಿಗ್ಗುತ್ತದೆ. ಇದಕ್ಕೆ "ಬಲ್ಕಿಂಗ್" ಎನ್ನುತ್ತಾರೆ. ಶೇ 20ರಿಂದ 30ರವರೆಗೂ ಉಬ್ಬಬಹುದು.

ಅಳೆಯುವುದು ಹೀಗೆ: ಬಾಟಲಿಗೆ ತೇವದ ಮರಳನ್ನು ಸಡಿಲವಾಗಿ 20 ಸೆಂ.ಮೀ. ಎತ್ತರಕ್ಕೆ ತುಂಬಿ ಹೊರಗೆ ಸುರಿಯಿರಿ. ಬಾಟಲಿಗೆ ಅರ್ಧ ನೀರು ಹಾಕಿ ಅದೇ ಮರಳನ್ನು ಮತ್ತೆ ಇಳಿಸಿ, ಕಡ್ಡಿಯಿಂದ ತಿವಿದು ಕೂರಿಸಿ. ಈಗ ಎತ್ತರ 16 ಆದರೆ ಉಬ್ಬು 4, ಅಂದರೆ 16ಕ್ಕೆ ಶೇ 25. ಮಿಶ್ರಣಕ್ಕೆ ಪೆಟ್ಟಿಗೆಯಲ್ಲಿ ಅಳೆಯುವಾಗಲೂ ಅಷ್ಟು ಮರಳು ಹೆಚ್ಚು ಹಾಕಬೇಕು. ಇಲ್ಲದಿದ್ದರೆ ಮರಳು ಕಡಿಮೆ ಬಿದ್ದು ಕಾಂಕ್ರೀಟಿನಲ್ಲಿ ಪೊಳ್ಳು ಉಳಿಯುತ್ತದೆ.

6. ಕಾಂಕ್ರೀಟು: ನೀರಿನ ಮೇಲೆ ಕಣ್ಣಿಡಿ

ಎಂ-ಸ್ಯಾಂಡ್ ಕಣಕ್ಕೆ ಮೂಲೆಗಳಿವೆ. ಹೊಳೆ ಮರಳಿನಷ್ಟು ಸಲೀಸಾಗಿ ಅದು ಜಾರುವುದಿಲ್ಲ. ಕಲಸುವವರಿಗೆ ಕಾಂಕ್ರೀಟು ಗಟ್ಟಿ ಅನ್ನಿಸುತ್ತದೆ. ಆಗ ಒಂದು ಮಗ್ ನೀರು ಹೆಚ್ಚಿಗೆ ಹೋಗುತ್ತದೆ, ಹೋದ ಮೇಲೆ ಶಕ್ತಿ ಇಳಿಯುತ್ತದೆ. ಎಂ-ಸ್ಯಾಂಡ್‌ಗೆ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ ಈ ಮಗ್‌ನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಎಂ-ಸ್ಯಾಂಡ್‌ನ ಗಾರೆ, ಕಾಂಕ್ರೀಟುಗಳನ್ನು ಪರೀಕ್ಷಿಸಿ ಹೊಳೆ ಮರಳಿಗೆ ಬದಲಿಯಾಗಿ ಬಳಸಬಹುದೆಂದು ಕಂಡುಕೊಂಡಿದೆ. ಮೂಲೆಯಿರುವ ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ನೀರು ಹತೋಟಿಯಲ್ಲಿದ್ದರೆ ಲಾಭವೇ.

ಒಂದು ಮೂಟೆ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್, ಮೂರು ಪೆಟ್ಟಿಗೆ ಜಲ್ಲಿ (20 ಮಿ.ಮೀ. ಎರಡು ಪಾಲು, 12 ಮಿ.ಮೀ. ಒಂದು ಪಾಲು ಬೆರೆಸಿದ್ದು), ಒಟ್ಟು ನೀರು 27 ಲೀಟರ್ ಮೀರದಂತೆ. ಮರಳು ಒದ್ದೆಯಿದ್ದರೆ ಅದರೊಳಗೇ 4 ಲೀಟರಿನಷ್ಟು ನೀರು ಬಂದಿರುತ್ತದೆ, ಅದನ್ನು ಕಳೆಯಿರಿ. ಇದಕ್ಕೂ ಗಟ್ಟಿ ಅನ್ನಿಸಿದರೆ ನೀರಿನ ಬದಲು ಪ್ಲಾಸ್ಟಿಸೈಜರ್ ಸೇರಿಸಿ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಲೀಸಾಗಿಸುವ ದ್ರಾವಣ ಅದು. ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ, ಹೆಚ್ಚಾದರೆ ಸೆಟ್ ಆಗುವುದು ತಡವಾಗುತ್ತದೆ. ಬಾಂಡ್ಲಿ ಲೆಕ್ಕ ಬೇಡ. ಒಬ್ಬರ ಬಾಂಡ್ಲಿ ತುಂಬ, ಇನ್ನೊಬ್ಬರದ್ದು ಮುಕ್ಕಾಲು.

ತಾರಸಿ ಹಾಕುವ ದಿನ ಕನಿಷ್ಠ ಆರು ಕ್ಯೂಬು ತೆಗೆಸಿ. 150 ಮಿ.ಮೀ. ಅಚ್ಚಿನಲ್ಲಿ ಕಾಂಕ್ರೀಟು ತುಂಬಿ, 7 ಮತ್ತು 28 ದಿನಕ್ಕೆ ಮೂರು ಮೂರರಂತೆ ಒಡೆಸುವ ಪರೀಕ್ಷೆ ಅದು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಖಾಸಗಿ ಪ್ರಯೋಗಾಲಯದಲ್ಲೋ ಮಾಡಿಸಬಹುದು. "ಎಂ-ಸ್ಯಾಂಡ್ ಗಟ್ಟಿಯೇ" ಎಂಬ ಪ್ರಶ್ನೆಗೆ ನಿಮ್ಮದೇ ಮನೆಯ ಉತ್ತರ ಆ ಹಾಳೆಯಲ್ಲಿ ಬರುತ್ತದೆ.

7. ಗೋಡೆ ಮತ್ತು ಸಾರಣೆ

ಹೆಚ್ಚು ದೂರು ಬರುವುದು ಇಲ್ಲಿಯೇ. ಸಾರಣೆ ಮುಗಿದ ಒಂದೆರಡು ವಾರದಲ್ಲಿ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕು ಕಾಣಿಸಿಕೊಂಡರೆ ಪುಡಿ ಹೆಚ್ಚಾಗಿದೆ, ಸಿಮೆಂಟು ಹೆಚ್ಚಾಗಿದೆ ಅಥವಾ ಬೇಗ ಒಣಗಿದೆ. ಸಿಮೆಂಟು ಜಾಸ್ತಿ ಹಾಕಿದರೆ ಗಟ್ಟಿ ಎಂದು 1:3 ಕಲಸುವವರಿದ್ದಾರೆ. ಒಳಗೋಡೆಗೆ 1:5 ಅಥವಾ 1:6 ಸಾಕು, ಅತಿ ಸಿಮೆಂಟು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕೊನೆಯಲ್ಲಿ ಒಣ ಸಿಮೆಂಟು ಎರಚಿ ಕರಣೆಯಿಂದ ಮಿರಿ ಮಿರಿ ಉಜ್ಜುವುದನ್ನು ನಿಲ್ಲಿಸಿ. ಬಿರುಕು ಮೊದಲು ಹುಟ್ಟುವುದು ಆ ತೆಳು ಪೊರೆಯಲ್ಲಿ.

ಗೋಡೆಯನ್ನು ಹಿಂದಿನ ದಿನವೇ ನೆನೆಸಿ. ನೀರು ಸೇರಿಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸಿ. ಊಟಕ್ಕೆ ಹೋಗಿ ಬಂದು ಮತ್ತೆ ನೀರು ಹಾಕಿ ಕಲಸಿದ ಗಾರೆ ಗೋಡೆಗೆ ಬೇಡ. ಹೊರಗೋಡೆಗೆ 20 ಮಿ.ಮೀ. ಬೇಕಾದರೆ ಎರಡು ಪದರವಾಗಿ ಹಾಕಿಸಿ. ಕಾಂಕ್ರೀಟ್ ಪಿಲ್ಲರ್ ಮತ್ತು ಇಟ್ಟಿಗೆ ಕೂಡುವ ಕಡೆ ಕೋಳಿ ಬಲೆ ಹೊಡೆಯದಿದ್ದರೆ ಯಾವ ಮರಳು ಹಾಕಿದರೂ ಸೀಳು ಬಿರುಕು ಬರುತ್ತದೆ. ಅದಕ್ಕೆ ಎಂ-ಸ್ಯಾಂಡನ್ನು ದೂರಬೇಡಿ.

ಕ್ಯೂರಿಂಗ್: ಕಾಂಕ್ರೀಟಿಗೆ ಓಪಿಸಿ (ಹಾರುಬೂದಿ ಬೆರೆಸದ ಸಾದಾ) ಸಿಮೆಂಟು ಬಳಸಿದ್ದರೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು, ಈಗ ಹೆಚ್ಚಿನ ಮನೆಗಳಿಗೆ ಬರುವುದು ಇದೇ) ಬಳಸಿದ್ದರೆ ಕನಿಷ್ಠ 10 ದಿನ. ಪಿಲ್ಲರ್‌ಗೆ ಒದ್ದೆ ಗೋಣಿ ಸುತ್ತಿ. ತಾರಸಿಗೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ಸಾರಣೆಗೂ ಕನಿಷ್ಠ ಒಂದು ವಾರ, ಬಿಸಿಲಿದ್ದರೆ ದಿನಕ್ಕೆ ಮೂರು ಬಾರಿ. ನೀರಿಗೆ ಕಷ್ಟವಿರುವ ಊರಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಮ್ಮೆ ಹಾಕಿದ ನೀರು ಬಹಳ ಹೊತ್ತು ಉಳಿಯುತ್ತದೆ.

8. ಮರಳೇ ಕಡಿಮೆ ಬೇಕಾಗುವಂತೆ ಕಟ್ಟಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಹೇಳುವಂತೆ ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ. ಹೊಳೆಯ ಬದಲು ಬೆಟ್ಟ ಎಂದು ಜಾಗ ಬದಲಿಸಿದರಷ್ಟೇ ಇದು ನೀಗುವುದಿಲ್ಲ. 2018ರಲ್ಲಿ ನಮ್ಮಲ್ಲಿ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಮೂಲಕ ಮಲೇಷ್ಯಾದ ಹೊಳೆ ಮರಳು 50 ಕಿಲೋ ಚೀಲಗಳಲ್ಲಿ ಮಾರಾಟಕ್ಕೆ ಬಂದಿತ್ತು. ನಮ್ಮ ಹೊಳೆ ಉಳಿಯಲಿ ಎಂದು ಇನ್ನೊಂದು ನಾಡಿನ ಹೊಳೆ ಬಗೆಸುವುದು ನನಗಂತೂ ಒಪ್ಪಿಗೆಯಾಗಲಿಲ್ಲ.

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಡೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಮರಳು ಹತ್ತಿರದಲ್ಲೇ ಇದೆ. ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಿಟ್ಟವನ್ನು ತಣಿಸಿ ಮಾಡಿದ್ದು ಇದು. ಐಎಸ್ 383 ಪ್ರಕಾರ ಕಬ್ಬಿಣದ ಕಾಂಕ್ರೀಟಿನಲ್ಲಿ ಮರಳಿನ ಶೇ 25ರಷ್ಟು, ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಶೇ 50ರಷ್ಟು ಇದನ್ನು ಬೆರೆಸಬಹುದು. ಪೂರ್ತಿ ಇದನ್ನೇ ಹಾಕಿ ಪಿಲ್ಲರ್ ಎಬ್ಬಿಸಬೇಡಿ. ಬೆಂಗಳೂರಿನವರಾದರೆ ಹಳೇ ಕಟ್ಟಡದ ಅವಶೇಷದಿಂದ ತಯಾರಾದ ಮರಳು, ಜಲ್ಲಿಯನ್ನು ಪಾಯದ ಕೆಳಗಿನ ಬೆಡ್, ಕಾಂಪೌಂಡು, ಪೇವರ್‌ಗಳಿಗೆ ಬಳಸಿ.

ಸಾರಣೆಯನ್ನೇ ಬಿಟ್ಟರೆ ಒಂದು ಮನೆಯ ಮರಳಿನ ದೊಡ್ಡ ಪಾಲು ಉಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿನ ಒತ್ತಿಟ್ಟಿಗೆಗಳನ್ನು ಬಳಕೆಗೆ ತಂದಿತು. ಸೈಟಿನ ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿದ ಈ ಇಟ್ಟಿಗೆಗೆ ಸುಡುವ ಸೌದೆ ಬೇಡ, ಹೊರಗೆ ಸಾರಣೆಯೂ ಬೇಡ. ಜೇಡಿ ಹೆಚ್ಚಿರುವ ಮಣ್ಣಿಗೆ ಮರಳಿನ ಬದಲು ಕ್ರಷರ್ ಡಸ್ಟ್ ಬೆರೆಸಬಹುದು. ಬೇರೆಡೆ ಬೇಡವೆಂದ ಪುಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ತಾರಸಿಯಲ್ಲಿ ಹಳೇ ಮಂಗಳೂರು ಹೆಂಚುಗಳನ್ನು ಕಂಬಿಗಳ ನಡುವೆ ಕೂರಿಸಿ ಕಾಂಕ್ರೀಟು ಉಳಿಸುವ ಫಿಲ್ಲರ್ ಸ್ಲ್ಯಾಬನ್ನೂ ಎಂಜಿನಿಯರ್ ಹತ್ತಿರ ಕೇಳಿ. ವಿನ್ಯಾಸ ಮಾತ್ರ ಅವರೇ ಮಾಡಬೇಕು.

9. ದಾಖಲೆ ಇಡಿ, ಅಕ್ರಮ ಕಂಡರೆ ತಿಳಿಸಿ

ಪ್ರತಿ ಲೋಡಿನಿಂದ ಅರ್ಧ ಕಿಲೋ ಮರಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ದಿನಾಂಕ, ವಾಹನ ಸಂಖ್ಯೆ, ಯಾವ ಕೆಲಸಕ್ಕೆ ಹೋಯಿತು ಎಂದು ಬರೆದಿಡಿ. ಮುಂದೆ ಒಂದು ಕೋಣೆಯ ಸಾರಣೆ ಮಾತ್ರ ಉದುರಿದರೆ ಯಾವ ಲೋಡಿನ ತಪ್ಪೆಂದು ಹೇಳಲು ನಿಮ್ಮ ಹತ್ತಿರ ಸಾಕ್ಷಿ ಇರುತ್ತದೆ.

ಹೊಳೆಯಲ್ಲಿ ರಾತ್ರಿ ಜೆಸಿಬಿ, ದೋಣಿ, ಟ್ರ್ಯಾಕ್ಟರ್ ಕಂಡರೆ ಒಬ್ಬರೇ ಹೋಗಿ ಅಡ್ಡ ನಿಲ್ಲಬೇಡಿ. ಈ ದಂಧೆಯಲ್ಲಿ ತಡೆಯಲು ಹೋದ ಅಧಿಕಾರಿಗಳ ಮೇಲೇ ವಾಹನ ಹಾಯಿಸಿದ ಪ್ರಕರಣಗಳಿವೆ. ಜಾಗ, ಸಮಯ, ವಾಹನ ಸಂಖ್ಯೆ ಗುರುತಿಟ್ಟುಕೊಂಡು 112ಕ್ಕೆ ಕರೆ ಮಾಡಿ. ಬೆಳಿಗ್ಗೆ ತಹಶೀಲ್ದಾರರಿಗೂ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಹಿರಿಯ ಭೂವಿಜ್ಞಾನಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಅದೇ ದೂರಿನ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕಾದದ್ದು ಅವರ ಹೊಣೆ.